ಆನಂದಿಬಾಯಿ ಜೋಶಿ: ಹದಿನೆಂಟರ ಹರೆಯದಲ್ಲಿ ಕಡಲು ದಾಟಿದ ವಿದ್ಯಾರ್ಥಿನಿ

ನಮ್ಮ ಕರಾವಳಿಯ ಮನೆಗಳಿಂದ ಮಕ್ಕಳು ಓದಿಗಾಗಿ ಪರದೇಶಕ್ಕೆ ಹೊರಡುವುದು ಇಂದು ಹೊಸ ಸಂಗತಿಯಲ್ಲ. ವೀಸಾ, ಟಿಕೆಟು, ಸಾಲದ ಕಾಗದಪತ್ರ ಎಲ್ಲ ಸರಿಯಾದರೂ ವಿಮಾನ ನಿಲ್ದಾಣದಲ್ಲಿ ತಾಯಿಯ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಒಂದೇ: ಅಲ್ಲಿ ನನ್ನ ಮಗುವಿಗೆ ಯಾರಿದ್ದಾರೆ? ಅಂಥದ್ದೇ ಪ್ರಶ್ನೆಯನ್ನು ಹೊತ್ತು 1883ರಲ್ಲಿ ಹಡಗು ಹತ್ತಿದ ಒಬ್ಬ ಹೆಣ್ಣುಮಗಳ ಬದುಕನ್ನು ಇಲ್ಲಿ ನೆನೆಯೋಣ.

ಆನಂದಿಬಾಯಿ ಜೋಶಿ ಹುಟ್ಟಿದ್ದು 1865ರ ಮಾರ್ಚ್ 31ರಂದು, ಮುಂಬಯಿ ಸಮೀಪದ ಕಲ್ಯಾಣದ ಬ್ರಾಹ್ಮಣ ಕುಟುಂಬದಲ್ಲಿ. ತವರಿನ ಹೆಸರು ಯಮುನಾ. ಒಂಬತ್ತನೆಯ ವಯಸ್ಸಿಗೇ ಮದುವೆಯಾಯಿತು. ಪತಿ ಗೋಪಾಲರಾವ್ ಅಂಚೆ ಇಲಾಖೆಯ ನೌಕರ, ವಿಧುರ, ಆಕೆಗಿಂತ ಬಹಳ ದೊಡ್ಡವರು. ಹೆಂಡತಿಗೆ ಓದು ಕಲಿಸಲೇಬೇಕೆಂಬ ಹಟ ಅವರದು. ಆ ಹಟದಲ್ಲಿ ಪ್ರೀತಿಯ ಜೊತೆಗೆ ಕಠೋರತೆಯೂ ಇತ್ತು; ಓದು ತಪ್ಪಿದಾಗ ಬಾಲಕಿ ಏಟು ತಿಂದದ್ದೂ ಉಂಟು.

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಬಾಯಿ ಒಂದು ಗಂಡುಮಗುವಿಗೆ ಜನ್ಮ ನೀಡಿದರು. ತಕ್ಕ ವೈದ್ಯಕೀಯ ಆರೈಕೆ ಸಿಗದೆ ಮಗು ಹತ್ತೇ ದಿನಗಳಲ್ಲಿ ತೀರಿಕೊಂಡಿತು. ಪರಪುರುಷನಿಗೆ ತಮ್ಮ ಕಾಯಿಲೆಯನ್ನು ಹೇಳಿಕೊಳ್ಳಲಾಗದೆ ಹೆಂಗಸರು ಮನೆಯೊಳಗೇ ನರಳುತ್ತಿದ್ದ ಕಾಲ ಅದು. ತಾನೇ ವೈದ್ಯೆಯಾಗಬೇಕೆಂಬ ಸಂಕಲ್ಪ ಆಕೆಯಲ್ಲಿ ಗಟ್ಟಿಯಾದದ್ದು ಈ ದುಃಖದಿಂದ.

1880ರಲ್ಲಿ ಗೋಪಾಲರಾವ್ ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ ಅವರಿಗೆ ಪತ್ರ ಬರೆದು, ಪತ್ನಿಯ ಓದಿಗೆ ಮತ್ತು ತಮಗೊಂದು ಕೆಲಸಕ್ಕೆ ಸಹಾಯ ಕೋರಿದರು. ದಂಪತಿ ಕ್ರೈಸ್ತರಾದರೆ ನೆರವು ನೀಡಬಹುದೆಂಬ ಉತ್ತರ ಬಂತು. ಅವರು ಅದಕ್ಕೆ ಒಪ್ಪಲಿಲ್ಲ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ವೈಲ್ಡರ್ ಆ ಪತ್ರವ್ಯವಹಾರವನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ನ್ಯೂಜೆರ್ಸಿಯ ರೋಸೆಲ್ ಊರಿನ ಥಿಯೊಡೀಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರ ಕೋಣೆಯಲ್ಲಿ ಸರದಿಗಾಗಿ ಕಾಯುತ್ತಾ ಅದನ್ನು ಓದಿದರು. ಕಂಡರಿಯದ ಆ ಹುಡುಗಿಗೆ ಪತ್ರ ಬರೆದರು. ಯಾವ ಷರತ್ತನ್ನೂ ಹಾಕಲಿಲ್ಲ. ಆನಂದಿಬಾಯಿಯ ಆರೋಗ್ಯ ಕೆಟ್ಟಿದೆ ಎಂದು ತಿಳಿದಾಗ ಅಮೆರಿಕದಿಂದ ಔಷಧಿಯನ್ನೂ ಕಳುಹಿಸಿದರು. ಬಂದರೆ ತಮ್ಮ ಮನೆಯಲ್ಲೇ ಇರಬಹುದೆಂದು ತಿಳಿಸಿದರು.

ಆಗ ಜೋಶಿ ದಂಪತಿ ಬಂಗಾಳದ ಸೆರಾಂಪುರದಲ್ಲಿದ್ದರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ನಂಬಿಕೆಯ ದಿನಗಳು. ಗಂಡನನ್ನು ಬಿಟ್ಟು ಒಬ್ಬಳೇ ಹೋಗುವುದೆಂದರೆ ಕೇಳುವುದೇ ಬೇಡ. ಟೀಕೆ, ಕುಹಕ ಜೋರಾದಾಗ ಆನಂದಿಬಾಯಿ ಓಡಿ ಅಡಗಲಿಲ್ಲ. 1883ರ ಫೆಬ್ರವರಿಯಲ್ಲಿ ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ಸಭಿಕರ ಎದುರು ನಿಂತು, ಭಾರತದ ಮಹಿಳೆಯರಿಗೆ ಮಹಿಳಾ ವೈದ್ಯರು ಏಕೆ ಬೇಕು, ತಾನು ಏಕೆ ಒಬ್ಬಳೇ ಹೊರಟಿದ್ದೇನೆ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುವುದಾಗಿಯೂ ಸ್ಪಷ್ಟಪಡಿಸಿದರು. ಆ ಭಾಷಣದ ಸುದ್ದಿ ಹರಡಿದಂತೆ ದೇಶದ ಹಲವೆಡೆಯಿಂದ ಧನಸಹಾಯ ಬಂತು.

ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹಡಗು ಹೊರಟಿತು. ಇಬ್ಬರಿಗೆ ಸಾಲುವಷ್ಟು ಹಣವಿಲ್ಲದ್ದರಿಂದ ಪತಿ ಹಿಂದೆ ಉಳಿದರು. ಪರಿಚಿತರ ಮೂಲಕ ಗೊತ್ತಾದ ಮಹಿಳೆಯರಷ್ಟೇ ಜೊತೆಗಿದ್ದರು. ಆಕೆ ಶುದ್ಧ ಸಸ್ಯಾಹಾರಿ, ಉಟ್ಟದ್ದು ಸೀರೆ, ಮೈಯಲ್ಲಿ ಮೊದಲೇ ಬಲವಿರಲಿಲ್ಲ. ಸುಮಾರು ಎರಡು ತಿಂಗಳ ಪ್ರಯಾಣದ ನಂತರ ಜೂನ್ ಮೊದಲ ವಾರ ನ್ಯೂಯಾರ್ಕ್ ತಲುಪಿದಾಗ, ಅಲ್ಲಿಯವರೆಗೆ ಅಕ್ಷರಗಳಲ್ಲಿ ಮಾತ್ರ ಪರಿಚಯವಿದ್ದ ಕಾರ್ಪೆಂಟರ್ ಬಂದು ಬರಮಾಡಿಕೊಂಡರು. ಬೇಸಿಗೆಯನ್ನು ಅವರ ಮನೆಯಲ್ಲಿ ಕಳೆದ ಆನಂದಿಬಾಯಿ, ಅದೇ ವರ್ಷ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ಡೀನ್ ರೇಚಲ್ ಬಾಡ್ಲಿ ಅವರ ಬೆಂಬಲ ದೊರೆಯಿತು. ಜಪಾನಿನ ಕೇಕೊ ಒಕಾಮಿ, ಸಿರಿಯಾದ ಸಬತ್ ಇಸ್ಲಾಂಬೂಲಿ ಅಲ್ಲಿ ಆಕೆಯ ಸಹವಿದ್ಯಾರ್ಥಿನಿಯರು. 1885ರಲ್ಲಿ ಮೂವರೂ ತಮ್ಮ ತಮ್ಮ ನಾಡಿನ ಉಡುಗೆಯಲ್ಲಿ ಕುಳಿತು ತೆಗೆಸಿಕೊಂಡ ಛಾಯಾಚಿತ್ರ ಇಂದಿಗೂ ಉಳಿದಿದೆ.

ಚಳಿ, ಒಗ್ಗದ ಆಹಾರ, ಬಿಡುವಿಲ್ಲದ ಓದು ಆಕೆಯ ದೇಹವನ್ನು ಸವೆಸಿದವು. ಕ್ಷಯರೋಗ ಅಂಟಿಕೊಂಡಿತು. ಆದರೂ 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದರು. ಪಾಶ್ಚಾತ್ಯ ವೈದ್ಯಕೀಯದಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ, ಅದೇ ವರ್ಷ ಕಲ್ಕತ್ತೆಯಲ್ಲಿ ವೈದ್ಯೆಯಾದ ಕಾದಂಬಿನಿ ಗಂಗೂಲಿ ಅವರೊಂದಿಗೆ ಆನಂದಿಬಾಯಿಯ ಹೆಸರೂ ಇದೆ.

ಆ ಪದವಿ ಪ್ರದಾನಕ್ಕೆ ಬಂದಿದ್ದವರಲ್ಲಿ ಪಂಡಿತಾ ರಮಾಬಾಯಿ ಒಬ್ಬರು. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ಬಳಿಯ ಮಾಳದವರು. ರಮಾಬಾಯಿ ಹುಟ್ಟಿದ್ದು ಘಟ್ಟದ ಗಂಗಾಮೂಲದಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದಿದ್ದರು. ಒಬ್ಬರು ಧರ್ಮ ಬದಲಿಸಿದರು, ಇನ್ನೊಬ್ಬರು ಬದಲಿಸಲಿಲ್ಲ. ಅದು ಇಬ್ಬರ ಸ್ನೇಹಕ್ಕೂ ಬಂಧುತ್ವಕ್ಕೂ ಅಡ್ಡಿಯಾಗಲಿಲ್ಲ.

ಕೊಲ್ಲಾಪುರ ಸಂಸ್ಥಾನವು ಆನಂದಿಬಾಯಿಯನ್ನು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ವೈದ್ಯೆಯಾಗಿ ನೇಮಿಸಿತ್ತು. ಆದರೆ 1886ರ ಕೊನೆಯಲ್ಲಿ ಊರಿಗೆ ಮರಳುವಾಗಲೇ ಕಾಯಿಲೆ ಬಲಿತಿತ್ತು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. ಇಪ್ಪತ್ತೆರಡು ತುಂಬಲು ಒಂದು ತಿಂಗಳು ಬಾಕಿಯಿತ್ತು. ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಅವರು ತಮ್ಮ ಕುಟುಂಬದ ಸಮಾಧಿ ಸ್ಥಳದಲ್ಲೇ ಅದಕ್ಕೆ ಜಾಗ ಕೊಟ್ಟರು.

ಆನಂದಿಬಾಯಿ ರೋಗಿಗಳ ಸೇವೆ ಮಾಡುವ ಅವಕಾಶ ಪಡೆಯಲೇ ಇಲ್ಲ. ಹಾಗೆಂದು ಆ ಪ್ರಯಾಣ ವ್ಯರ್ಥವಾಗಲಿಲ್ಲ. ಹೆಣ್ಣುಮಗಳು ಕಡಲು ದಾಟಿ ವೈದ್ಯೆಯಾಗಬಹುದೆಂದು ನಾಡು ಕಣ್ಣಾರೆ ಕಂಡಿತು. ಈ ಕಥೆಯಲ್ಲಿ ಧರ್ಮಸೇವೆಯಲ್ಲಿರುವ ನಮಗೂ ಒಂದು ಪಾಠವಿದೆ. ಸಹಾಯಕ್ಕೆ ಷರತ್ತು ಕಟ್ಟಿದಾಗ ಬಾಗಿಲು ಮುಚ್ಚಿತು. ಆ ಬಾಗಿಲನ್ನು ತೆರೆದದ್ದು ಒಬ್ಬ ಸಾಮಾನ್ಯ ಗೃಹಿಣಿಯ ಪತ್ರ. ನಮ್ಮ ವಾಳೆಯಿಂದ ದೂರ ಹೋದ ಮಕ್ಕಳಿಗೂ, ದೂರದಿಂದ ಓದಲು ನಮ್ಮೂರಿಗೆ ಬಂದ ಪರರ ಮಕ್ಕಳಿಗೂ ಅಂಥ ಒಂದು ಮನೆ ಬೇಕು. ಈ ವಾರ ಅವರಲ್ಲಿ ಒಬ್ಬರನ್ನಾದರೂ ಮಾತನಾಡಿಸಿ, ಊಟಕ್ಕೆ ಕರೆಯೋಣ.