ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿ

ಗುಜರಾತಿನ ಹಳೆಯ ಮನೆತನಗಳಲ್ಲಿ ‘ಛಪ್ಪನಿಯೋ’ ಎಂಬ ಮಾತು ಇಂದಿಗೂ ಉಳಿದಿದೆ. ವಿಕ್ರಮ ಶಕೆ 1956ರ, ಎಂದರೆ ಕ್ರಿ.ಶ. 1899–1900ರ ಬರಗಾಲಕ್ಕೆ ಜನರಿಟ್ಟ ಹೆಸರು ಅದು. ಅದುವರೆಗೆ ಗುಜರಾತಿಗೆ ಬರವೇ ಬಾರದೆಂದು ಸರ್ಕಾರವೂ ರೈತರೂ ನಂಬಿದ್ದರು. ಆ ವರ್ಷ ಮುಂಗಾರು ಕೈಕೊಟ್ಟಿತು. ಮೊದಲು ದನಕರುಗಳು ಸತ್ತವು. ಆಮೇಲೆ ಖೇಡಾ, ಪಂಚಮಹಲ ಮೊದಲಾದ ಜಿಲ್ಲೆಗಳ ಜನ ಗುಂಪುಗುಂಪಾಗಿ ಪರಿಹಾರ ಕೇಂದ್ರಗಳತ್ತ ಹೊರಟರು. ಬೇಸಗೆಯಲ್ಲಿ ವಾಂತಿಭೇದಿಯೂ ಬಂದು ಸೇರಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು, ಸಾಕಲಾರದೆ ತಾಯಿ ದಾರಿಯಲ್ಲಿಯೇ ಬಿಟ್ಟುಹೋದ ಕೂಸುಗಳು ಎಷ್ಟೆಂದು ಎಣಿಸಿದವರಿಲ್ಲ.

ಕನ್ನಡ ರಾಜ್ಯೋತ್ಸವದ ಸಂಚಿಕೆಯಲ್ಲಿ ಗುಜರಾತಿನ ಬರದ ಕಥೆಯೇಕೆಂದು ವಾಚಕರು ಕೇಳಬಹುದು. ಆ ಬರದಲ್ಲಿ ದಿಕ್ಕಿಲ್ಲದವರಾದ ನೂರಾರು ಹೆಣ್ಣುಮಕ್ಕಳನ್ನು ಮನೆಗೆ ತಂದು ಸಾಕಿದ ತಾಯಿ ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಮಡಿಲಲ್ಲಿ. ಅಹಮದಾಬಾದ್, ಬಡೋದೆ, ಸೂರತ್‌ಗಳಲ್ಲಿ ನೆಲೆಸಿ ಗುಜರಾತಿನ ಅನ್ನವನ್ನುಣ್ಣುತ್ತಿರುವ ನಾವು ಆ ತಾಯಿಯ ಬಾಳನ್ನು ತಿಳಿದಿರಬೇಕೆಂದು ನಮಗೆ ತೋರಿತು.

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಚಿತ್ಪಾವನ ಮನೆತನ, ಮನೆಮಾತು ಮರಾಠಿ. ಶಾಸ್ತ್ರಿಗಳು ತಮ್ಮ ಚಿಕ್ಕ ವಯಸ್ಸಿನ ಮಡದಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಹೊರಟರು. ಹೆಂಗಸಿಗೆ ದೇವಭಾಷೆಯೇ ಎಂದು ಊರು ಎದ್ದುನಿಂತಿತು. ಉಡುಪಿಯ ವಿದ್ವಾಂಸರೆದುರು ತಮ್ಮ ನಡತೆಯನ್ನು ಸಮರ್ಥಿಸಿಕೊಂಡರೂ ಊರಿನ ಮಾತು ನಿಲ್ಲಲಿಲ್ಲ. ಕೊನೆಗೆ ಅವರು ಘಟ್ಟ ಹತ್ತಿ, ತುಂಗೆ, ಭದ್ರೆ, ನೇತ್ರಾವತಿಗಳ ಉಗಮವೆನಿಸಿದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಮಡದಿಗೂ ಶಿಷ್ಯರಿಗೂ ಪಾಠ ಹೇಳಿದರು. ಆ ಕಾಡಿನಲ್ಲಿಯೇ 1858ನೆಯ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಬಂದುಹೋಗುವ ಅತಿಥಿಗಳ ಸತ್ಕಾರದಲ್ಲಿ ಆಸ್ತಿಯೆಲ್ಲ ಕರಗಿ ಸಂಸಾರ ತೀರ್ಥಯಾತ್ರೆಗೆ ಹೊರಟಾಗ ಮಗುವಿಗೆ ಆರೇ ತಿಂಗಳು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಅದನ್ನು ಬೆಟ್ಟದಿಂದ ಕೆಳಗಿಳಿಸಿದರಂತೆ. ಅಲ್ಲಿಂದ ಮುಂದೆ ಆ ಮಗುವಿಗೆ ಬಹುಕಾಲ ಸ್ವಂತ ಊರೆಂಬುದೇ ಇರಲಿಲ್ಲ.

ತಾಯಿಯೇ ಗುರು. ಛತ್ರ, ದೇವಾಲಯ, ನದೀತೀರಗಳೇ ಶಾಲೆ. ಪುರಾಣ ಹೇಳಿ ಬಂದದ್ದರಲ್ಲಿ ಜೀವನ ಸಾಗುತ್ತಿದ್ದಾಗ 1870ರ ದಶಕದ ಬರಗಾಲ ಬಂದಿತು. ಕೂಲಿಮಾಡಿ ಗೊತ್ತಿಲ್ಲದ, ಭಿಕ್ಷೆ ಬೇಡಲು ನಾಚಿದ ಸಂಸಾರ ಅದು. ಪಾತ್ರೆ, ಒಡವೆ ಎಲ್ಲ ಮಾರಿ, ಕೊನೆಗೆ ಕಾಡಿನ ಎಲೆ ತಿಂದು ದಿನ ಕಳೆದರು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ದೇಶದುದ್ದಕ್ಕೂ ಸುಮಾರು 4,000 ಮೈಲಿ ನಡೆದರು. ಹಸಿದ ಮಗುವಿನ ಹೊಟ್ಟೆ ಏನನ್ನು ಬೇಡುತ್ತದೆಂಬುದನ್ನು ರಮಾಬಾಯಿ ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ.

ಮುಂದಿನದು ಎಲ್ಲರೂ ಬಲ್ಲ ಕಥೆ, ಬೇಗ ಹೇಳಿಬಿಡುತ್ತೇವೆ. 1878ರಲ್ಲಿ ಕಲಕತ್ತೆಯ ಪಂಡಿತರು ಈ ತರುಣಿಯ ಸಂಸ್ಕೃತಕ್ಕೆ ತಲೆದೂಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಜಾತಿಯ ಕಟ್ಟು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಮಗಳು ಮನೋರಮಾ ಹುಟ್ಟಿ ವರ್ಷ ತುಂಬುವ ಮೊದಲೇ, 1882ರಲ್ಲಿ, ಪತಿ ವಾಂತಿಭೇದಿಯಿಂದ ಮಡಿದರು. ಕೂಸನ್ನೆತ್ತಿಕೊಂಡು ಪುಣೆಗೆ ಬಂದ ಇಪ್ಪತ್ತನಾಲ್ಕರ ವಿಧವೆ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿದರು. 1886ರಲ್ಲಿ ಅಮೆರಿಕೆಗೆ ಹೋಗಿ, ಅಲ್ಲಿಯ ಸಹಾಯ ಪಡೆದು ಬಂದು, 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಅಮೆರಿಕೆಯಲ್ಲಿ ಅವರು ಶಿಶುವಿಹಾರದ ಪದ್ಧತಿಯನ್ನೂ ಕಲಿತುಬಂದಿದ್ದರು. ಆ ಕಾಲಕ್ಕೆ ಅದೊಂದು ವಿನೋದದಂತೆ ಕಂಡಿರಬೇಕು. ಹತ್ತು ವರ್ಷಗಳ ಮೇಲೆ ಅದರ ಬೆಲೆ ತಿಳಿಯಿತು.

1893ರಲ್ಲಿ ಜಗಳವೆದ್ದಿತು. ಸದನದ ಹುಡುಗಿಯರು ಕ್ರೈಸ್ತ ಪ್ರಾರ್ಥನೆಗೆ ಹೋಗುತ್ತಾರೆಂದು ಪುಣೆಯ ಪತ್ರಿಕೆಗಳು ಬರೆದವು. ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹೊರಬಂದರು. ಪೋಷಕರು ಅನೇಕ ಹುಡುಗಿಯರನ್ನು ಕರೆದುಕೊಂಡು ಹೋದರು. ಸದನ ಮುಚ್ಚಲಿಲ್ಲ. ಪುಣೆಯಿಂದ ದೌಂಡಿನ ಕಡೆಗೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ್ ಎಂಬಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಬರಡು ನೆಲವೊಂದಿತ್ತು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಂದಾಗ ರಮಾಬಾಯಿ ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ತಂದರು. ಪುಣೆಯಲ್ಲಿ ಪ್ಲೇಗು, ಅಷ್ಟು ಜನರನ್ನು ಅಲ್ಲಿ ಇಡುವಂತಿರಲಿಲ್ಲ. ಕೇಡಗಾಂವಿನ ಹೊಲದಲ್ಲಿ ಡೇರೆಗಳೆದ್ದವು. ಅದೇ ‘ಮುಕ್ತಿ’ಯ ಆರಂಭ.

ಮೂರು ವರ್ಷಗಳಲ್ಲಿ ಗುಜರಾತಿನ ಸರದಿ ಬಂದಿತು. ಮುಕ್ತಿಯ ಕಾರ್ಯಕರ್ತೆಯರು ಇಲ್ಲಿಗೆ ಬಂದು ಪರಿಹಾರ ಕೇಂದ್ರಗಳಲ್ಲಿ, ದಾರಿಬದಿಗಳಲ್ಲಿ ಹುಡುಕಿ ಮಕ್ಕಳನ್ನು ಕರೆದೊಯ್ದರು. ದಿಕ್ಕಿಲ್ಲದ ಹುಡುಗಿಯರನ್ನು ಕೆಟ್ಟ ಬದುಕಿಗೆ ಮಾರುವ ದಲ್ಲಾಳಿಗಳೂ ಬರದ ನಾಡಿನಲ್ಲಿ ಹೊಂಚುಹಾಕುತ್ತಿದ್ದರಾದ್ದರಿಂದ ತಡಮಾಡುವಂತಿರಲಿಲ್ಲ. 1900ರ ವೇಳೆಗೆ ಮುಕ್ತಿಯಲ್ಲಿ 1,500ರಷ್ಟು ಜನರಿದ್ದರು.

ಬರದಲ್ಲಿ ಸಿಕ್ಕ ಕೂಸನ್ನು ಸಾಕುವುದೆಂದರೇನೆಂದು ಮಕ್ಕಳೊಂದಿಗರಾದ ವಾಚಕರು ಒಂದು ಗಳಿಗೆ ಯೋಚಿಸಬೇಕು. ಹಸಿದು ಒಣಗಿದ ಮಗುವಿಗೆ ಒಮ್ಮೆಲೇ ಹೊಟ್ಟೆತುಂಬ ಅನ್ನವಿಕ್ಕಿದರೆ ಅದು ಬದುಕುವುದಿಲ್ಲ. ತೆಳ್ಳನೆಯ ಗಂಜಿಯನ್ನು ಚೂರುಚೂರಾಗಿ, ಹಗಲೂ ರಾತ್ರಿಯೂ ಬಾಯಿಗೆ ಬಿಡಬೇಕು. ಬಾಯಲ್ಲಿ ಹುಣ್ಣು, ಮೈಯಲ್ಲಿ ಹುಣ್ಣು, ಕಣ್ಣಿನಲ್ಲಿ ಕೀವು, ತಲೆಯಲ್ಲಿ ಹೇನು, ನಿಲ್ಲದ ಭೇದಿ. ತಲೆ ಬೋಳಿಸಿ, ತೊಳೆದು, ಮದ್ದು ಹಚ್ಚಿ, ಬಟ್ಟೆ ಬದಲಾಯಿಸಿ, ಮತ್ತೆ ಅರ್ಧ ಗಂಟೆಯಲ್ಲಿ ಅದೇ ಕೆಲಸ. ಸ್ವಲ್ಪ ಚೇತರಿಸಿಕೊಂಡ ಮಗು ರೊಟ್ಟಿಯನ್ನು ಕದ್ದು ಹಾಸಿಗೆಯಡಿ ಬಚ್ಚಿಡುತ್ತದೆ. ನಾಳೆಯೂ ಊಟವಿದೆಯೆಂದು ಅದು ಹೇಗೆ ನಂಬೀತು? ಇಷ್ಟಾದರೂ ಅನೇಕ ಮಕ್ಕಳು ಉಳಿಯಲಿಲ್ಲ.

ಈ ಸೇವೆಯನ್ನು ಮಾಡಿದವರು ಯಾರು? ಶಾರದಾ ಸದನದಲ್ಲಿ ಓದಿದ ಬಾಲವಿಧವೆಯರು. ಅವರಲ್ಲಿ ಬಹುಮಂದಿ ಬ್ರಾಹ್ಮಣ ಮನೆಯವರು. ಪುಣೆಯ ಸದನದಲ್ಲಿ ಅವರಿಗಾಗಿ ಮಡಿಯಡಿಗೆಯ ಏರ್ಪಾಡೇ ಇತ್ತು. ಅಂಥವರು ಈಗ ಜಾತಿಯನ್ನು ಕೇಳದೆ ಭಿಲ್ಲರ, ಕೋಳಿಯರ, ಅಸ್ಪೃಶ್ಯರೆನಿಸಿದವರ ಕೂಸುಗಳ ಮಲವನ್ನು ಬಳಿದರು. ಸ್ವಂತ ಮಗುವಿನ ಸುಖವನ್ನು ಸಮಾಜ ಯಾರಿಗೆ ನಿರಾಕರಿಸಿತ್ತೋ ಅವರ ತೋಳಿಗೆ, ತಾಯಿಯಿಲ್ಲದ ಮಗುವನ್ನು ರಮಾಬಾಯಿ ಒಪ್ಪಿಸಿದರು. ಅವರು ಮಾಡಿದ್ದರಲ್ಲೆಲ್ಲ ಇದೇ ದೊಡ್ಡದೆಂದು ನಮ್ಮ ಅಭಿಪ್ರಾಯ. ಬೆಳೆದ ಮಕ್ಕಳಿಗೆ ಶಾಲೆ, ಅಚ್ಚುಕೂಟ, ಮಗ್ಗ, ಹೊಲಿಗೆ, ಹೊಲಗೆಲಸ. ಕುರುಡಿಯರಿಗೂ ಬೇರೆ ಮನೆ. ಕೂಸುಗಳಿಗೆ ಶಿಶುವಿಹಾರ.

ಒಂದು ಆಕ್ಷೇಪಣೆಯನ್ನು ಮರೆಮಾಚುವುದು ಸರಿಯಲ್ಲ. ಬರದಲ್ಲಿ ಸಿಕ್ಕ ಮಗುವನ್ನು ಕ್ರೈಸ್ತರನ್ನಾಗಿ ಬೆಳೆಸಲು ಇವರಿಗೇನು ಅಧಿಕಾರವೆಂದು ಅಂದೇ ಕೇಳಿದವರುಂಟು. ಮುಕ್ತಿಯಷ್ಟೇ ಅಲ್ಲ, ಗುಜರಾತಿನಲ್ಲಿ ನೆಲೆಸಿದ್ದ ಐರಿಷ್ ಪ್ರೆಸ್ಬಿಟೀರಿಯನ್, ಮೆಥಡಿಸ್ಟ್ ಮೊದಲಾದ ಮಿಶನ್ನುಗಳೂ ಆಗ ಅನಾಥಾಲಯಗಳನ್ನು ನಡೆಸಿ ಇದೇ ಮಾತಿಗೆ ಗುರಿಯಾದವು. ಲಾಲಾ ಲಜಪತರಾಯರು ಆರ್ಯಸಮಾಜದ ಪರವಾಗಿ ಅನಾಥರನ್ನು ಕೂಡಿಹಾಕಲು ಹೊರಟದ್ದೂ ಈ ಕಳವಳದಿಂದಲೇ. ಅಹಮದಾಬಾದಿನಲ್ಲಿ ಮಹೀಪತರಾಮ ರೂಪರಾಮರ ಹೆಸರಿನ ಅನಾಥಾಶ್ರಮ 1892ರಿಂದಲೇ ಇದ್ದಿತು. ಆಕ್ಷೇಪಣೆಯಲ್ಲಿ ಸತ್ಯವಿದೆಯೆಂದು ನಾವು ಒಪ್ಪುತ್ತೇವೆ. ಮಗುವನ್ನು ಯಾರೂ ಕೇಳಲಿಲ್ಲ. ಆದರೆ ಕೂಸು ಬೀದಿಯಲ್ಲಿ ಬಿದ್ದಿದ್ದಾಗ ಎತ್ತಿಕೊಂಡ ಕೈಗಳು ಬಹಳ ಇರಲಿಲ್ಲವೆಂಬುದೂ ಅಷ್ಟೇ ಸತ್ಯ. ಇಂದು ತೊರೆದ ಮಗು ಸಿಕ್ಕರೆ ಅದರ ಯೋಗಕ್ಷೇಮವನ್ನು ನಿರ್ಧರಿಸಲು ಮಕ್ಕಳ ಕಲ್ಯಾಣ ಸಮಿತಿಯಿದೆ, ದತ್ತು ಕೊಡಲು ಕಾನೂನಿದೆ. ಅಂದು ಇವಾವುವೂ ಇರಲಿಲ್ಲ.

ಇನ್ನೊಂದು ಸಂಗತಿ, ನಮ್ಮಂಥವರ ಮನಸ್ಸಿಗೆ ಹತ್ತಿರವಾದದ್ದು. ಗುಜರಾತಿನ ಈ ಕೂಸುಗಳು ಕಲಿತದ್ದು ಮರಾಠಿ. ಮೂರು ವರ್ಷದ ಮಗುವಿಗೆ ತನ್ನ ತಾಯಿಯ ಮಾತು ಎಷ್ಟು ದಿನ ನೆನಪಿದ್ದೀತು? ಮನೆಯಲ್ಲಿ ತಂದೆತಾಯಿಗಳಿಬ್ಬರೂ ಕನ್ನಡವಾಡುತ್ತಿದ್ದರೂ ಬೀದಿಯ ಗುಜರಾತಿ ನಮ್ಮ ಮಕ್ಕಳ ನಾಲಗೆಯನ್ನು ಗೆಲ್ಲುವುದನ್ನು ನಾವು ದಿನವೂ ಕಾಣುತ್ತಿದ್ದೇವೆ. ರಮಾಬಾಯಿಯವರಿಗೆ ಭಾಷೆಯ ಬೆಲೆ ತಿಳಿಯದೆ ಇರಲಿಲ್ಲ. ಮರಾಠಿ, ಕನ್ನಡ, ಹಿಂದಿ, ಬಂಗಾಳಿಗಳನ್ನು ಬಲ್ಲವರು. ಮುಪ್ಪಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಓದು ಹೆಚ್ಚಿಲ್ಲದ ಹೆಂಗಸರಿಗೂ ತಿಳಿಯುವ ಮರಾಠಿಗೆ ಬೈಬಲನ್ನು ತಾವೇ ತಂದವರು.

ಹುಟ್ಟಿದ ಸೀಮೆಯ ಋಣವನ್ನೂ ಒಂದಿಷ್ಟು ತೀರಿಸಿದರು. 1912ರ ಸುಮಾರಿಗೆ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲಿ ಶಾಲೆಯೊಂದು ಆರಂಭವಾಗಿ, ಮಗಳು ಮನೋರಮಾ ಅದರ ಹೊಣೆ ಹೊತ್ತರು. ತಾಯಿಯ ಬಳಿಕ ಮುಕ್ತಿಯನ್ನೂ ನಡೆಸಬೇಕಾಗಿದ್ದ ಆ ಮಗಳು 1921ರ ಜುಲೈಯಲ್ಲಿ ತೀರಿಕೊಂಡರು. ಸಾವಿರ ಮಕ್ಕಳನ್ನು ಸಾಕಿದ ತಾಯಿಗೆ ಹಡೆದ ಮಗಳು ಉಳಿಯಲಿಲ್ಲ. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು, ರಮಾಬಾಯಿಯವರೂ ಕೇಡಗಾಂವಿನಲ್ಲಿ ಕಣ್ಣುಮುಚ್ಚಿದರು. 1989ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು.

ಮುಕ್ತಿ ಇಂದಿಗೂ ಕೇಡಗಾಂವಿನಲ್ಲಿದೆ. ಪುಣೆ, ಸೊಲ್ಲಾಪುರಗಳ ಮೇಲೆ ಕಲಬುರಗಿಗೆ ಹೋಗುವ ನಮ್ಮವರ ಗಾಡಿ ಆ ಊರನ್ನು ದಾಟಿಯೇ ಹೋಗುತ್ತದೆ. ದೌಂಡ್ ಬರುವುದಕ್ಕೆ ಸ್ವಲ್ಪ ಮೊದಲು ಸಿಗುವ ಚಿಕ್ಕ ನಿಲ್ದಾಣ. ವೇಗದ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ.