ಬಾಗಿಲು ಮುಚ್ಚಿದರೆ ಬೇರೆ ಬಾಗಿಲು

ಬ್ರಿಟಿಷರ ಕಾಲದಲ್ಲಿ ನಮ್ಮ ಹಲವಾಗಲು ಸೀಮೆ ಮದ್ರಾಸಿಗೆ ಸೇರಿತ್ತು. ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿಗೆ. ಆ ಮುಂಬಯಿಯ ಹೆಸರಾಂತ ಪಾರ್ಸಿ ಗೃಹಸ್ಥ ಮಾಣೆಕ್‌ಜಿ ಕರ್ಸೆಟ್‌ಜಿ (1808–1887) ಅವರ ಕಥೆ ಇದು.

ಫ್ರೀಮೇಸನ್ ಲಾಡ್ಜು ಸೇರ್ತೀನಿ ಅಂತ ಅವರು ಹೋದರೆ ಸಾಹೇಬರು ಒಲ್ಲೆ ಅಂದುಬಿಟ್ಟರು. ಲಾಡ್ಜು ಅಂದರೆ ರೂಮು ಬಾಡಿಗೆಗೆ ಕೊಡೋ ಲಾಡ್ಜಲ್ಲ. ಸದಸ್ಯರೆಲ್ಲ ಸೋದರರು ಅನ್ನುವ ಗುಪ್ತ ಕೂಟ. ಆದರೆ ಬಾಗಿಲಲ್ಲೇ ಮೈಬಣ್ಣ ನೋಡಿದರು!

ಮಾಣೆಕ್‌ಜಿ ಸುಮ್ಮನೆ ಕೂರಲಿಲ್ಲ. ಯುರೋಪಿಗೆ ಹೋದಾಗ ಪ್ಯಾರಿಸ್ಸಿನಲ್ಲಿ ದೀಕ್ಷೆ ಪಡೆದೇ ಬಂದರು. ಸ್ಕಾಟ್ಲೆಂಡಿನ ಡಾಕ್ಟರ್ ಜೇಮ್ಸ್ ಬರ್ನ್ಸ್ ಅವರ ಬೆನ್ನಿಗೆ ನಿಂತು, ಭಾರತೀಯರಿಗೂ ಜಾಗವಿರುವ ಹೊಸ ಲಾಡ್ಜನ್ನು 1843ರಲ್ಲಿ ಮುಂಬಯಿಯಲ್ಲಿ ತೆರೆದರು. ಅದಕ್ಕೆ ಯಾವ ಸಾಹೇಬನ ಹೆಸರನ್ನೂ ಇಡಲಿಲ್ಲ. ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಅಂತ ಕರೆದರು. ಪಶ್ಚಿಮ ಭಾರತದ ಉದಯತಾರೆ.

ಮುಂದೆ ಮಾಣೆಕ್‌ಜಿ ಸ್ಮಾಲ್ ಕಾಸ್ ಕೋರ್ಟಿನ ಜಡ್ಜಾದರು. 1863ರಲ್ಲಿ ಹೆಣ್ಣುಮಕ್ಕಳಿಗಾಗಿ ಅಲೆಕ್ಸಾಂಡ್ರಾ ಇಂಗ್ಲಿಷ್ ಶಾಲೆ ತೆರೆದರು. ಹೆಣ್ಣಿಗೇಕೆ ಇಂಗ್ಲಿಷು ಅಂತ ಸ್ವಜನರೇ ಗೊಣಗಿದರೂ ಬಗ್ಗಲಿಲ್ಲ.

ನಮ್ಮ ಊರುಗಳಲ್ಲೂ ಸಂಘ ಕಟ್ಟುವವರು ಬಹಳ. ಬೋರ್ಡಿನ ಮೇಲೆ ಹೆಸರು ದೊಡ್ಡದಾದರೆ ಸಾಲದು, ಬಾಗಿಲೂ ಅಗಲ ಇರಬೇಕು ನೋಡ್ರಿ.