ಶುದ್ಧ ವಾಯುವಿಗಾಗಿ ಹೋರಾಡಿದ ಫ್ಲಾರೆನ್ಸ್ ನೈಟಿಂಗೇಲ್ ಬಾಯಿಯವರು

ದೀಪವನ್ನು ಹಿಡಿದು ರೋಗಿಗಳ ಬಳಿಗೆ ಹೋಗುತ್ತಿದ್ದ ದಾದಿಯೆಂದು ಫ್ಲಾರೆನ್ಸ್ ನೈಟಿಂಗೇಲ್ ಬಾಯಿಯವರನ್ನು ನಮ್ಮ ಬಾಲಕಿಯರೆಲ್ಲರೂ ಬಲ್ಲರು. ಆದರೆ ಸಾರ್ವಜನಿಕ ಕಟ್ಟಡಗಳಲ್ಲಿರುವವರಿಗೆ ಇಷ್ಟು ಶುದ್ಧ ವಾಯು ದೊರೆಯಲೇಬೇಕೆಂದು ಹಟ ಹಿಡಿದವರಲ್ಲಿ ಅವರು ಅಗ್ರಗಣ್ಯರೆಂಬುದು ಅನೇಕರಿಗೆ ತಿಳಿಯದು. ಅವರ ಜೀವನದ ಆ ಭಾಗವನ್ನು ಚಿಕ್ಕೇರೂರಿನ ಪಾಲಕರಿಗೂ ಪೂರ್ವ ವಿದ್ಯಾರ್ಥಿನಿಯರಿಗೂ ಅರಿಕೆ ಮಾಡಬಯಸುತ್ತೇವೆ.

ಬಾಯಿಯವರು 1820ನೆಯ ಇಸವಿಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಸಿರಿವಂತ ಇಂಗ್ಲಿಷ್ ಮನೆತನದಲ್ಲಿ ಜನಿಸಿದರು. ಪಟ್ಟಣದ ಹೆಸರೇ ಶಿಶುವಿನ ಹೆಸರಾಯಿತು. ತಂದೆಯವರೇ ಗುರುವಾಗಿ ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದರು. ಗಣಿತದಲ್ಲಿ ಅವರಿಗೆ ವಿಶೇಷ ಒಲವಿತ್ತು. ದಾದಿಯ ಉದ್ಯೋಗವು ಕುಲೀನ ಸ್ತ್ರೀಯರಿಗೆ ಹೀನವೆಂದೆಣಿಸುತ್ತಿದ್ದ ಕಾಲವದು. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಸಹಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಅವರು ಶುಶ್ರೂಷೆಯ ಶಿಕ್ಷಣವನ್ನು ಪಡೆದರು.

ಕ್ರಿಮಿಯಾ ಯುದ್ಧವು ನಡೆದಿರಲು, 1854ರ ನವೆಂಬರದಲ್ಲಿ 38 ಮಂದಿ ದಾದಿಯರೊಡನೆ ತುರ್ಕಸ್ಥಾನದ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಜನರು ಸಾಯುತ್ತಿದ್ದರು. ಕಟ್ಟಡದ ಅಡಿಯಲ್ಲಿ ಕೊಳೆತ ಚರಂಡಿಗಳು. ಕಿಕ್ಕಿರಿದ ಕೋಣೆಗಳಿಂದ ದುರ್ವಾಯುವು ಹೊರಡಲು ಸಾಕಷ್ಟು ದಾರಿಯಿಲ್ಲ. 1855ರ ಫೆಬ್ರುವರಿಯಲ್ಲಿ ನೂರಕ್ಕೆ ಸುಮಾರು 42 ರೋಗಿಗಳು ಮೃತರಾದರು. ಮಾರ್ಚದಲ್ಲಿ ಬಂದ ಸರಕಾರದ ಆರೋಗ್ಯ ಆಯೋಗವು ಚರಂಡಿಗಳನ್ನು ತೊಳೆಯಿಸಿ, ಗೋಡೆಗಳಿಗೆ ಸುಣ್ಣ ಬಳಿಯಿಸಿ, ಗಾಳಿಗೆ ಮಾರ್ಗಗಳನ್ನು ತೆರೆಯಿಸಿತು. ಜೂನದ ವೇಳೆಗೆ ಮರಣವು ನೂರಕ್ಕೆ ಸುಮಾರು ಎರಡಕ್ಕಿಳಿಯಿತು. ಸ್ವದೇಶಕ್ಕೆ ಮರಳಿ ಅಂಕಿಗಳನ್ನು ಪರಿಶೀಲಿಸಿದಾಗ, ಶುಶ್ರೂಷೆಯೊಂದರಿಂದಲೇ ಪ್ರಾಣಗಳು ಉಳಿಯುವದಿಲ್ಲ, ಕಟ್ಟಡವೇ ಕೊಲ್ಲಬಲ್ಲದೆಂಬ ಕಹಿ ಸತ್ಯವು ಬಾಯಿಯವರಿಗೆ ಗೋಚರಿಸಿತು.

ಅಂದಿನಿಂದ ಅಂಕಿಗಳೇ ಅವರ ಆಯುಧಗಳಾದವು. ಅವರ ಪ್ರಯತ್ನದಿಂದ 1857ರಲ್ಲಿ ನೇಮಕವಾದ ರಾಜ ಆಯೋಗವು, ಸಿಪಾಯಿಗಳ ವಸತಿಗಳಲ್ಲಿ ತಲೆಗೆ 600 ಘನ ಅಡಿ, ಆಸ್ಪತ್ರೆಗಳಲ್ಲಿ 1200 ಘನ ಅಡಿ ಸ್ಥಳವಿರಬೇಕೆಂದು ವಿಧಿಸಿತು. 1858ರಲ್ಲಿ ಮ್ಯೂನಿಕಿನ ಪೆಟ್ಟೆನ್‌ಕೋಫರ್ ಪಂಡಿತರು, ಕೋಣೆಯ ಗಾಳಿಯಲ್ಲಿ ಇಂಗಾಲಾಮ್ಲ ವಾಯುವು ಸಾವಿರಕ್ಕೊಂದು ಪಾಲನ್ನು ಮೀರಬಾರದೆಂದು ಸಾರಿದರು. ಬಾಯಿಯವರು 1859ರಲ್ಲಿ ಬರೆದ ಶುಶ್ರೂಷೆಯ ಗ್ರಂಥದ ಮೊದಲನೆಯ ಅಧ್ಯಾಯವೇ ಗಾಳಿಯನ್ನು ಕುರಿತದ್ದು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆಯು ಅವರ ಹೆಸರಿನಿಂದ ಆರಂಭವಾಯಿತು.

ಹಿಂದುಸ್ಥಾನದಲ್ಲಿ ಕಾಲಿಡದಿದ್ದರೂ ಅವರು ನಮ್ಮನ್ನು ಮರೆಯಲಿಲ್ಲ. ಇಲ್ಲಿಯ ಆಂಗ್ಲ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ಆಯೋಗದ ವರದಿಯು ತೋರಿಸಿತು. ಅದರ ಹಿಂದೆ ಬಾಯಿಯವರ ಶ್ರಮವೇ ಬಹಳ. ಮುಂದೆ ಅವರ ದೃಷ್ಟಿಯು ಹಳ್ಳಿಗರ ಕಡೆಗೆ ಹೊರಳಿತು. ಮುಂಬಯಿ ಪ್ರಾಂತದ 1889ರ ಗ್ರಾಮ ನೈರ್ಮಲ್ಯದ ಕಾಯಿದೆಯ ವಿಷಯದಲ್ಲಿ ಅವರು ಬಹಳ ಆಸ್ಥೆ ವಹಿಸಿದರು. ಆಗ ನಮ್ಮ ಚಿಕ್ಕೇರೂರೂ ಅದೇ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಗೌರವವನ್ನು ಪಡೆದ ಪ್ರಥಮ ಮಹಿಳೆಯಾಗಿ, 1910ನೆಯ ಆಗಸ್ಟ್ 13ರಂದು ಅವರು ದೇಹವಿಟ್ಟರು.

ದುರ್ವಾಯುವೇ ರೋಗವನ್ನು ಹುಟ್ಟಿಸುವದೆಂದು ಬಾಯಿಯವರು ಬಹುಕಾಲ ನಂಬಿದ್ದರು. ಸೂಕ್ಷ್ಮಜೀವಿಗಳೇ ಕಾರಣವೆಂದು ಅನಂತರ ಸಿದ್ಧವಾಯಿತು. ಆದರೂ ಅವರ ಉಪಾಯವು ಹುಸಿಯಾಗಲಿಲ್ಲ. ಕ್ಷಯದ ಜೀವಾಣುಗಳು ಮುಚ್ಚಿದ ಕೋಣೆಗಳಲ್ಲಿಯೇ ಸುಲಭವಾಗಿ ಹರಡುವವು. 2020ರ ಕೊರೋನಾ ಪಿಡುಗು ಅದೇ ಪಾಠವನ್ನು ಲೋಕಕ್ಕೆಲ್ಲ ಕಲಿಸಿತು. ಗಾಳಿಯ ಸೂಕ್ಷ್ಮ ಧೂಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿತು.

ಇಪ್ಪತ್ತಡಿ ಚಚ್ಚೌಕದ, ಹತ್ತಡಿ ಎತ್ತರದ ಕೋಣೆಯಲ್ಲಿ ನಾಲ್ವತ್ತು ಮಕ್ಕಳು ಕುಳಿತರೆ ತಲೆಗೆ 100 ಘನ ಅಡಿ ಮಾತ್ರ ದೊರೆಯುವದು. ಸ್ಥಳದ ಈ ಕೊರತೆಯನ್ನು ಎದುರುಬದುರಿನ ತೆರೆದ ಕಿಟಕಿಗಳೇ ತೀರಿಸಬೇಕು. ಚಳಿಗೆ ಅಂಜಿ ಅವುಗಳನ್ನು ಮುಚ್ಚಿಸಬೇಡಿರೆಂದು ಪಾಲಕರಲ್ಲಿ ನಮ್ಮ ವಿನಂತಿ. ಮಕ್ಕಳಿಗೆ ಬೆಚ್ಚನೆಯ ಬಟ್ಟೆಯನ್ನು ತೊಡಿಸಿರಿ. ನಮ್ಮ ಪೂರ್ವ ವಿದ್ಯಾರ್ಥಿನಿಯರು ಇಂದು ಮನೆಯೊಡತಿಯರು. ಕಟ್ಟಿಗೆಯ ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಂದಿರ ಎದೆಗೂ ಬಗಲಲ್ಲಿರುವ ಕೂಸಿಗೂ ಹೊಗೆಯು ವೈರಿಯೇ. ಅಡಿಗೆಮನೆಗೆ ಒಂದು ಬೆಳಕಿಂಡಿಯನ್ನೂ ಹೊಗೆಗೊಳವೆಯನ್ನೂ ಇಡಿಸಿದರೆ, ಈ ಪುಣ್ಯವತಿಯ ಸ್ಮರಣೆಗೆ ಅದಕ್ಕಿಂತ ಹೆಚ್ಚಿನ ಕಾಣಿಕೆಯು ಬೇಡ.